ಕುಣಿಯೊಳಗಿನ ಕಾಲು

ಬನಶಂಕರಿ ನನ್ನ ನೆಗೆಣ್ಣಿ. ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಈ ಇಬ್ಬರೂ ಒಂದೇ ಮನೆಯಲ್ಲಿ ಮೂವತ್ತೊಂದು ವರ್ಷ ಹೇಗೆ ಬಾಳಿದರು ಅಂತ. ಮೊದಲು ನಗುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ನಲ್ಲಿಗೆ ನೀರು ಬಂದ ದಿನ ಯಾರ ಕೊಡ ಮೊದಲು ಎಂಬುದರಿಂದ ಹಿಡಿದು ಅತ್ತೆಯ ಹಿತ್ತಾಳೆ ಹಂಡೆ ಯಾರಿಗೆ ಎಂಬುದರ ತನಕ ನಾವು ಜಗಳಾಡದ ವಿಷಯವಿಲ್ಲ. ಹಾಗಾಗಿ ನಾನು ಅವಳನ್ನು ಹೊಗಳಲು ಕುಳಿತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಅವಳ ಕಾಲಿನ ಕಥೆ ಹೇಳಬೇಕಾಗಿದೆ. ಅದನ್ನು ಹೇಳಲು ನನ್ನಷ್ಟು ಹತ್ತಿರ ಇದ್ದವರು ಬೇರೆ ಇಲ್ಲ. ಹತ್ತಿರ ಇದ್ದೂ ನಾನು ನೋಡಲಿಲ್ಲ, ಅದನ್ನೂ ಹೇಳುತ್ತೇನೆ.

ನಮ್ಮ ಪಡಸಾಲೆಯಲ್ಲಿ ಎರಡು ಕುಣಿ ಮಗ್ಗಗಳಿವೆ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಕುಣಿ ತೋಡಿ, ಅದರ ಅಂಚಿನ ಮೇಲೆ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುವ ಮಗ್ಗ. ಒಂದು ಅವಳದು, ಒಂದು ನನ್ನದು, ನಡುವೆ ಒಬ್ಬರು ಹಾದುಹೋಗುವಷ್ಟು ಜಾಗ. ಕೈ ಲಾಳಿ ಓಡಿಸುತ್ತದೆ, ಕಣ್ಣು ಸೀರೆಯ ಮೇಲಿರುತ್ತದೆ, ಕಾಲು ಕೆಳಗೆ ಕತ್ತಲಲ್ಲಿ ತನ್ನ ಪಾಡಿಗೆ ಮರದ ಹಲಗೆ ತುಳಿಯುತ್ತದೆ. ಆ ಕಾಲನ್ನು ನಾವೂ ನೋಡುವುದಿಲ್ಲ, ಬಂದವರೂ ನೋಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಕುಣಿಗೆ ಇಳಿಯುವುದಂತೂ ನಮ್ಮಲ್ಲಿ ಕೇಳಿದ್ದೇ ಇಲ್ಲ. ಮಗ್ಗ ನಮಗೆ ದೇವರು. ಬೆಳಗ್ಗೆ ಮುಖ ತೊಳೆದು, ಕುಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಕಾಲು ಇಳಿಸುತ್ತೇವೆ.

ಶಿರಹಟ್ಟಿಯಿಂದ ಹದಿನೇಳು ವರ್ಷದ ಮದುಮಗಳಾಗಿ ಬಂದ ಬನಶಂಕರಿಗೆ ನೇಯ್ಗೆ ಕಲಿಸಿದವಳು ನಮ್ಮ ಅತ್ತೆ ಸಾವಂತ್ರೆವ್ವ. ಆರು ವರ್ಷದ ಮೇಲೆ ನಾನು ಬಂದಾಗ ನನಗೂ ಅವಳೇ ಕಲಿಸಿದಳು. ಮೊದಮೊದಲು ಸಂಜೆ ಕುಣಿಯಿಂದ ಎದ್ದರೆ ಕಾಲು ನಮ್ಮವೇ ಅಲ್ಲವೇನೋ ಅನ್ನಿಸುತ್ತಿತ್ತು, ಅಷ್ಟು ಜೋಮು. ನಾನು ಅತ್ತರೆ ಅತ್ತೆ ನಗುತ್ತಿದ್ದಳು. “ಈಗ ಕಾಲಿಗೆ ಕೆಲಸ ಹತ್ತಿತು ನೋಡು,” ಅನ್ನುತ್ತಿದ್ದಳು. ಅಂದಿನಿಂದ ಆ ಜೋಮಿಗೆ ನಮ್ಮ ಮನೆಯಲ್ಲಿ ಕುಣಿ ಜೋಮು ಎಂದೇ ಹೆಸರು. ಅದು ಬೇನೆಯಲ್ಲ. ಹೊಲದವರ ಅಂಗೈ ಗಟ್ಟಿಯಾದ ಹಾಗೆ ನಮ್ಮ ಕಾಲಿಗೆ ಜೋಮು, ಅಷ್ಟೇ ಎಂದು ನಾವು ನಂಬಿದ್ದೆವು.

ನನ್ನ ಭಾವ, ಬನಶಂಕರಿಯ ಗಂಡ ಪ್ರಭುಲಿಂಗ ಸಕ್ಕರೆ ಕಾಯಿಲೆಯಿಂದ ಹೋದ. ಒಮ್ಮೆಲೆ ಹೋಗಲಿಲ್ಲ. ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ರಕ್ತ ತೊಳೆಸಿಕೊಂಡು, ಮುಖ ಬಾತು, ಒಂದು ವಾಟಿ ನೀರಿಗೆ ಮಕ್ಕಳ ಹಾಗೆ ಹಟ ಮಾಡಿ, ಎರಡು ವರ್ಷ ನರಳಿ ಹೋದ. ಬನಶಂಕರಿ ಆ ನೀರಿನ ವಾಟಿ ಬಚ್ಚಿಡುತ್ತಿದ್ದಳು. ಕೊಟ್ಟರೆ ಸಾಯುತ್ತಾನೆ, ಕೊಡದಿದ್ದರೆ ಬೈಯುತ್ತಾನೆ. ಅದನ್ನೆಲ್ಲ ನಾನು ಪಕ್ಕದ ಒಲೆಯ ಮುಂದೆ ಕುಳಿತು ಕೇಳಿದ್ದೇನೆ. ಅವಳು ನನ್ನ ಮುಂದೆ ಒಂದು ದಿನವೂ ಅಳಲಿಲ್ಲ. ಅಷ್ಟು ಸೊಕ್ಕು.

ಅವನು ತೀರಿಕೊಂಡ ಮೂರು ವರ್ಷಕ್ಕೆ ನಮ್ಮ ಓಣಿಯ ಗುಡಿಯಲ್ಲಿ ರಕ್ತ ಪರೀಕ್ಷೆಯ ಕ್ಯಾಂಪು ಹಾಕಿದ್ದರು. ಅವಳು ಹೋಗಿ ಬೆರಳು ಚುಚ್ಚಿಸಿಕೊಂಡಳು. ನನ್ನನ್ನೂ ಕರೆದಳು. “ನಂಗೇನಾಗೇತಿ? ಸುಮ್ನ ಸೂಜಿ ಚುಚ್ಚಿಸ್ಕೊಳ್ಳಾಕ ನಂಗೇನು ತಲಿ ಕೆಟ್ಟೈತೇನು?” ಎಂದು ನಾನು ಹೋಗಲಿಲ್ಲ. ಅವಳು ಚೀಟಿ ಹಿಡಿದು ತಿರುಗಿ ಬಂದಳು. ಮುನ್ನೂರರ ಮೇಲಿತ್ತು.

ಅವತ್ತು ಮಗ್ಗಕ್ಕೆ ಕುಳಿತವಳು ಲಾಳಿ ಓಡಿಸದೆ ಪಕ್ಕಕ್ಕಿಟ್ಟಳು. “ದುರಗೀ, ನಂಗೂ ಹತ್ತೇತಿ ಅದು,” ಅಂದಳು. “ನಾ ಅವರ ಹಂಗ ಸಾಯಾಂಗಿಲ್ಲ. ಯಾರ ಮುಂದೂ ನೀರಿಗೆ ಕೈ ಒಡ್ಡಾಂಗಿಲ್ಲ.”

ಗುಳಿಗೆ ಕೊಟ್ಟರು, ನುಂಗಿದಳು. ಆದರೆ ಗುಳಿಗೆ ನುಂಗಿ ಸುಮ್ಮನೆ ಕೂರುವ ಹೆಣ್ಣಲ್ಲ ಅದು. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ರೋಹಿಣಿ ತನ್ನ ಹಳೆಯ ಮೊಬೈಲು ತಂದುಕೊಟ್ಟಿದ್ದಳು. ಅದರಲ್ಲಿ ಬನಶಂಕರಿಗೆ ಶಾಂಭವಿ ಎಂಬ ಹೆಂಗಸು ಸಿಕ್ಕಳು. ‘ಆರೋಗ್ಯದ ಅಂಗಳ’ ಎಂದು ಅವಳ ವಿಡಿಯೋಗಳು ಬರುತ್ತಿದ್ದವು. ನಲವತ್ತೈದರ ಪ್ರಾಯ, ನೆಟ್ಟಗಿನ ಬೆನ್ನು, ಹಿಂದೆ ಹಸಿರು ಹುಲ್ಲಿನ ಅಂಗಳ. “ನಮಸ್ಕಾರ ನನ್ನ ಅಕ್ಕ ತಂಗಿಯರೇ” ಎಂದು ಶುರು ಮಾಡುತ್ತಿದ್ದಳು. ಅಷ್ಟು ಚೆಂದಾಗಿ ಮಾತಾಡುತ್ತಿದ್ದಳು, ಸುಳ್ಳು ಹೇಳಬಾರದು.

ಬನಶಂಕರಿ ಮಗ್ಗದ ಮುಂದಿನ ಕಂಬಕ್ಕೆ ಮೊಬೈಲು ಕಟ್ಟಿ, ನೇಯುತ್ತಲೇ ಕೇಳುತ್ತಿದ್ದಳು. ಕೇಳುವುದಲ್ಲ, ಉತ್ತರವನ್ನೂ ಕೊಡುತ್ತಿದ್ದಳು. ಶಾಂಭವಿ “ಚಹಾಕ್ಕೆ ಸಕ್ಕರೆ ಬಿಟ್ಟಿರಾ?” ಅಂದರೆ ಇವಳು “ಬಿಟ್ಟೆ ರೀ ಅಕ್ಕಾರ” ಅನ್ನುವುದು. ಅವಳು “ಊಟದಲ್ಲಿ ಸೊಪ್ಪು ಇತ್ತಾ?” ಅಂದರೆ ಇವಳು “ಹುಣಚಿಕ್ಕ ಪಲ್ಲೆ ಮಾಡಿದ್ದೆ ರೀ” ಅನ್ನುವುದು. ಪಕ್ಕದ ಕುಣಿಯಲ್ಲಿ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. “ಆಕಿಗೆ ಕೇಳಸ್ತೈತೇನ ಅಕ್ಕ? ಒಂದ ವಾಟಿ ಪಲ್ಲೆ ಆ ಕಂಬಕ್ಕೂ ಇಡು,” ಅನ್ನುತ್ತಿದ್ದೆ.

ನಕ್ಕದ್ದು ನಿಜ, ಆದರೆ ಆದದ್ದನ್ನೂ ಹೇಳುತ್ತೇನೆ. ಅವಳು ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬಂದಳು. ಹಬ್ಬದ ಹೋಳಿಗೆಯನ್ನು ಕೈಯಾರೆ ಮಾಡಿ, ನಮಗೆಲ್ಲ ಬಡಿಸಿ, ತಾನು ಒಂದು ಚೂರನ್ನೂ ಬಾಯಿಗಿಡಲಿಲ್ಲ. ದಿನಾ ಬೆಳಗ್ಗೆ ಸ್ಟೇಷನ್ನಿನ ತನಕ ನಡೆದು ಬರತೊಡಗಿದಳು. ಒಂದು ತಿಂಗಳಿಗೆ ಓಣಿಯ ರಾಮವ್ವ ಜೊತೆಯಾದಳು, ಆಮೇಲೆ ಇನ್ನೂ ಮೂವರು. ಆರು ತಿಂಗಳಿಗೆ ಸಕ್ಕರೆ ನೂರಾ ನಲವತ್ತಕ್ಕೆ ಇಳಿಯಿತು. ದವಾಖಾನೆಯ ನರ್ಸು ಚೀಟಿ ನೋಡಿ “ಏನ್ ಮಾಡಿದ್ರಿ ಅಕ್ಕಾರ?” ಅಂದಳಂತೆ. ಅವಳು ಆ ಚೀಟಿಯನ್ನು ಭಾವನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದಳು. ಓಣಿಯ ಹೆಂಗಸರು ಏನು ತಿನ್ನಬೇಕು ಎಂದು ಅವಳನ್ನು ಕೇಳಲು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಆಯಿತು ಎಂದಮೇಲೆ ಹೇಳಬೇಕು.

ಆಷಾಢದಲ್ಲಿ ನೀರಿನ ಸಲುವಾಗಿ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು. ಹನ್ನೆರಡು ದಿನಕ್ಕೆ ಬಂದ ನೀರು. ಅವಳು ವಾಕಿಂಗಿಗೆ ಹೋಗಿದ್ದಾಗ ನಾನು ನನ್ನ ಪಾತ್ರೆಗಳನ್ನೆಲ್ಲ ತುಂಬಿಕೊಂಡೆ, ಅವಳ ಹಂಡೆಯ ಪಾಳಿ ಬರುವಷ್ಟರಲ್ಲಿ ನೀರು ನಿಂತಿತು. ಎಂಟು ದಿನ ಮಾತಿಲ್ಲ. ಪಕ್ಕಪಕ್ಕದ ಕುಣಿಯಲ್ಲಿ ಕುಳಿತು ಎಂಟು ದಿನ ಮಾತಾಡದೆ ಇರುವುದು ಎಂಥ ಕಷ್ಟ ಎಂದು ನೇಯುವವರಿಗೆ ಗೊತ್ತು. ನನ್ನ ಗಂಡ ಹನುಮಪ್ಪ ಗದಗಿನ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದವನು “ಇನ್ನ ಸಾಕು ಮಾಡ್ರಿ” ಎಂದು ಕೈ ಮುಗಿದ.

ತಪ್ಪು ನನ್ನದಿತ್ತು. ತಪ್ಪಾಯಿತು ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಅದಕ್ಕೆ ಏನು ಮಾಡಿದೆ ಅಂದರೆ, ಗಂಡನ ಮೊಬೈಲಿನಲ್ಲಿ ಹುಡುಕಿ, ಅವಳ ಆ ಶಾಂಭವಿಯದೇ ಒಂದು ಹೊಸ ವಿಡಿಯೋ ತೆಗೆದು ಅವಳಿಗೆ ಕಳಿಸಿದೆ. ನಾನು ಜನ್ಮದಲ್ಲಿ ಯಾರಿಗಾದರೂ ಕಳಿಸಿದ ಮೊದಲ ವಿಡಿಯೋ ಅದು. ಅದರಲ್ಲಿ ಆ ಹೆಂಗಸು ತನ್ನ ಹುಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು. “ಚಪ್ಪಲಿ ಬಿಡಿ. ಭೂಮಿತಾಯಿಯನ್ನು ಮುಟ್ಟಿ ನಡೆಯಿರಿ. ನಿಮ್ಮ ನರಗಳೆಲ್ಲ ಎಚ್ಚರಾಗುತ್ತವೆ, ಸಕ್ಕರೆ ತಾನೇ ಇಳಿಯುತ್ತದೆ,” ಅನ್ನುತ್ತಿದ್ದಳು.

ಪಕ್ಕದ ಮಗ್ಗದಲ್ಲಿ ಮೊಬೈಲು ಟಿಣ್ ಅಂದಿತು. ಬನಶಂಕರಿ ನೋಡಿದಳು, ಪೂರ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಚಾ ಮಾಡ್ಲೇನು?” ಅಂದಳು. ಜಗಳ ಮುಗಿಯಿತು.

ಮರುದಿನದಿಂದ ಬರಿಗಾಲು. ಶ್ರಾವಣ ಬಂದಾಗ ಅದನ್ನೇ ವ್ರತ ಮಾಡಿಕೊಂಡಳು. ರಾಮವ್ವ “ಕಲ್ಲು ಚುಚ್ಚತಾವು ನಮ್ಮವ್ವ” ಎಂದು ಎರಡೇ ದಿನಕ್ಕೆ ಮತ್ತೆ ಚಪ್ಪಲಿ ಮೆಟ್ಟಿದಳು. ಬನಶಂಕರಿಗೆ ಏನೂ ಚುಚ್ಚುತ್ತಿರಲಿಲ್ಲ. “ನೇಯೋ ಕಾಲು, ಗಟ್ಟಿ ಅದಾವು,” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಒಂದು ದಿನ ಮಾತ್ರ ನನ್ನನ್ನು ಕೇಳಿದಳು.

“ದುರಗೀ, ಈಗೀಗ ಕುಣಿ ಜೋಮು ಇಳಿಯಾಂಗೇ ಇಲ್ಲ ನೋಡು. ಮುಂಜಾನೆ ಎದ್ರೂ ಹಂಗ ಇರ್ತೈತಿ. ನಿಂಗೂ ಹಂಗ ಆಗ್ತೈತೇನು?”

“ಆಗದ ಏನು? ಇಷ್ಟು ವರ್ಷ ತುಳದೀವಿ. ಕಾಲಾಗ ಏನು ಹೂವು ಬಿಡ್ತಾವೇನು?” ಅಂದೆ.

“ಹಂಗಾರ ಆತು,” ಅಂದಳು. ಮತ್ತೆ ಲಾಳಿ ಓಡಿಸಿದಳು. ನಾನು ಹಾಗೆ ಅನ್ನದೆ, ದವಾಖಾನೆಗೆ ಹೋಗಿ ತೋರಿಸು ಎಂದಿದ್ದರೆ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ. ಅವಳು ಊಟಕ್ಕೆ ಎದ್ದು ಹೋಗಿದ್ದಳು. ನನ್ನ ಲಾಳಿ ಕೈ ತಪ್ಪಿ ಹಾರಿ ಅವಳ ಕುಣಿಯೊಳಗೆ ಬಿತ್ತು. ತೆಗೆಯಲೆಂದು ನಾನು ಇಳಿದೆ. ಏನೋ ಕೊಳೆತ ನಾತ ಬಂತು. ಇಲಿ ಸತ್ತಿರಬೇಕು ಎಂದುಕೊಂಡು ಕೈಯಾಡಿಸಿದೆ. ತುಳಿಯುವ ಹಲಗೆಯ ಮೇಲೆ ಕೈ ಅಂಟಿತು. ಬೆಳಕಿಗೆ ಹಿಡಿದು ನೋಡಿದರೆ ರಕ್ತ. ಹಳೆಯದು ಕಪ್ಪಾಗಿ ಒಣಗಿತ್ತು, ಅದರ ಮೇಲೆ ಹೊಸದು ಹಸಿಯಾಗಿತ್ತು.

ಅಡುಗೆಮನೆಗೆ ಓಡಿದೆ. ಅವಳು ರೊಟ್ಟಿ ಮುರಿಯುತ್ತ ಕುಳಿತಿದ್ದಳು.

“ಅಕ್ಕ, ಕಾಲ ತೋರ್ಸು.”

“ಯಾಕ ಲೇ, ಏನಾತು?”

“ತೋರ್ಸು ಅಂದ್ರ ತೋರ್ಸು!”

ಕಾಲು ಎತ್ತಿ ನೋಡಿದೆ. ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಜಾಲಿ ಮುಳ್ಳೊಂದು ಪೂರ್ತಿ ಒಳಗೆ ಹೋಗಿತ್ತು. ಸುತ್ತಲಿನ ಚರ್ಮ ಕಪ್ಪಾಗಿ, ಕೀವು ತುಂಬಿ, ಪಕ್ಕದ ಬೆರಳೂ ಬಣ್ಣಗೆಟ್ಟಿತ್ತು. ನಾನು ಬೆರಳಿನಿಂದ ಒತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನೋವಿನ ಒಂದು ಗೆರೆಯೂ ಅವಳ ಮುಖದಲ್ಲಿ ಇರಲಿಲ್ಲ. “ಏನ ಐತಿ?” ಎಂದು ಕೇಳಿದಳು. ಅಯ್ಯೋ ದೇವರೇ, ತನ್ನ ಕಾಲಿನಲ್ಲಿ ಏನಿದೆ ಎಂದು ಅವಳು ನನ್ನನ್ನು ಕೇಳಿದಳು.

ಗದಗಿನ ದವಾಖಾನೆಗೆ ಅವತ್ತೇ ಕರೆದೊಯ್ದೆವು. ಡಾಕ್ಟರು ಅವಳಿಗೆ ಕಣ್ಣು ಮುಚ್ಚಿಸಿ, ಒಂದು ಬಿರುಸಾದ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ, “ಗೊತ್ತಾದಾಗ ಹೇಳ್ರಿ ಅಮ್ಮಾರ,” ಅಂದರು. ಎರಡೂ ಕಾಲಿಗೆ ಹತ್ತು ಹತ್ತು ಕಡೆ ಮುಟ್ಟಿಸಿದರು. ಅವಳು ಹೇಳಿದ್ದು ಒಂದೇ ಕಡೆ. ಕಣ್ಣು ತೆರೆದು ಆ ಎಳೆಯನ್ನು ಕೈಗೆ ತೆಗೆದುಕೊಂಡು, ಎರಡು ಬೆರಳಿನಲ್ಲಿ ಹೊಸೆದು ನೋಡಿದಳು. “ಇದು ಕಾಟನ್ ಅಲ್ಲರೀ, ನೈಲಾನ್ ಐತಿ,” ಅಂದಳು. ಕೈಗೆ ಅಷ್ಟು ಸೂಕ್ಷ್ಮ ತಿಳಿಯುವವಳಿಗೆ ಕಾಲಿಗೆ ಏನೂ ತಿಳಿದಿರಲಿಲ್ಲ.

“ಇದು ಮಗ್ಗದ ಜೋಮಲ್ಲ,” ಅಂದರು ಡಾಕ್ಟರು. “ಸಕ್ಕರೆಯಿಂದ ಕಾಲಿನ ನರ ಸತ್ತಾವು. ಈಗೀಗ ಆದದ್ದಲ್ಲ, ವರ್ಷಗಟ್ಟಲೆ ಆಗೇತಿ. ಸಕ್ಕರೆ ಇಳಿಸೀರಿ, ಭಾಳ ಚಲೋ ಮಾಡೀರಿ. ನಡೆದದ್ದೂ ಚಲೋನ. ಆದ್ರ ಇಂಥ ಕಾಲಿಗೆ ಬರಿಗಾಲು ಅಂದ್ರ ವಿಷ. ಯಾರು ಹೇಳಿದ್ರಿ ಬರಿಗಾಲಲ್ಲಿ ನಡೀ ಅಂತ?”

ನಾನು ಗೋಡೆಯ ಕಡೆ ನೋಡಿದೆ. ಬನಶಂಕರಿ ನನ್ನ ಕಡೆ ತಿರುಗಲಿಲ್ಲ. “ನಾನ ನಡದೆ ರೀ,” ಅಂದಳು.

ಎರಡು ಬೆರಳು ತೆಗೆದರು. ತಡ ಮಾಡಿದ್ದರೆ ಪಾದವೇ ಹೋಗುತ್ತಿತ್ತಂತೆ. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದೂ ಹೇಳಿದರು. ಮೂರನೆಯ ದಿನ ಗಾಯದ ಪಟ್ಟಿ ಬದಲಿಸಿ ನರ್ಸು ಹೋದ ಮೇಲೆ ನಾನು ಅವಳ ಮಂಚದ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. “ಆ ವಿಡಿಯೋ ಕಳಿಸಿದಾಕಿ ನಾನು ಅಕ್ಕ. ನಂದ ತಪ್ಪು,” ಅಂದೆ. ನಾನು ಆ ಮಾತನ್ನು ಯಾರ ಮುಂದೂ ಆಡಿದವಳಲ್ಲ.

“ನೀ ಚಲೋದಕ್ಕ ಕಳಿಸಿದ್ದಿ. ನಾನೂ ಚಲೋದಕ್ಕ ನಡದೆ,” ಅಂದಳು. “ಅಳಬ್ಯಾಡ. ಮನಿಗೆ ಹೋದಮ್ಯಾಗ ನೀರಿಗೆ ಜಗಳಾಡೋದು ಐತಿ, ಕಣ್ಣೀರು ಉಳಿಸಿಕೋ.”

ನನಗೆ ಸಿಟ್ಟು ಆ ಶಾಂಭವಿಯ ಮೇಲೆ ಹೊರಳಿತು. ತಾಯಿಯನ್ನು ನೋಡಲು ಬಂದಿದ್ದ ರೋಹಿಣಿಯನ್ನು ಕೂರಿಸಿಕೊಂಡು ಆ ಹೆಂಗಸಿಗೆ ಉದ್ದಕ್ಕೆ ಬರೆಸಿದೆ. ನಿಮ್ಮ ಅಂಗಳದಲ್ಲಿ ಹುಲ್ಲಿದೆ ತಾಯಿ, ನಮ್ಮ ಬೆಟಗೇರಿಯ ದಾರಿಯಲ್ಲಿ ಜಾಲಿ ಮುಳ್ಳಿದೆ. ಸಕ್ಕರೆ ಇರುವವರ ಕಾಲು ಸತ್ತಿರುತ್ತದೆ ಎಂಬ ಒಂದು ಮಾತು ನಿಮಗೆ ಹೇಳಲಿಕ್ಕೆ ಏನಾಗಿತ್ತು ಅಂತ. ಎರಡು ದಿನಕ್ಕೆ ಉತ್ತರ ಬಂತು. ಒಂದು ಕೆಂಪು ಹೃದಯ, ಮುಗಿದ ಎರಡು ಕೈ. ಅಷ್ಟೇ. ಓದಿದಳೋ ಇಲ್ಲವೋ ದೇವರೇ ಬಲ್ಲ. ಬನಶಂಕರಿ ಮಾತ್ರ ಅವಳನ್ನು ಬೈಯಲು ನನಗೆ ಬಿಡಲಿಲ್ಲ. “ಆಕಿ ಮಾತು ಕೇಳೇ ನಾ ಸಕ್ಕರಿ ಇಳಿಸೇನಿ. ಅದೂ ಖರೆ, ಇದೂ ಖರೆ,” ಅಂದಳು.

ಮನೆಗೆ ಬಂದ ಮೇಲೆ ಖರೇ ಕಷ್ಟ ಶುರುವಾಯಿತು. ಡಾಕ್ಟರು ಮೆತ್ತನೆಯ ಅಡಿಯ, ಹಿಂದೆ ಪಟ್ಟಿಯಿರುವ ಚಪ್ಪಲಿ ಬರೆದುಕೊಟ್ಟಿದ್ದರು. ಹೊರಗಷ್ಟೇ ಅಲ್ಲ, ಮನೆಯೊಳಗೂ, ಬಚ್ಚಲಿಗೂ ಹಾಕಿಕೊಂಡೇ ಇರಬೇಕು. ಹಾಸಿಗೆ ಬಿಟ್ಟರೆ ಚಪ್ಪಲಿ. ಅವಳು ಅದಕ್ಕೂ ಒಪ್ಪಿದಳು. ಆದರೆ ಕುಣಿಯ ಹತ್ತಿರ ಬಂದು ನಿಂತುಬಿಟ್ಟಳು.

ಚಪ್ಪಲಿ ಬಿಟ್ಟು ಇಳಿಯುವ ಹಾಗಿಲ್ಲ. ಹಲಗೆಯ ಸಿಬಿರು ಚುಚ್ಚಿದರೂ ಅವಳಿಗೆ ಗೊತ್ತಾಗುವುದಿಲ್ಲ. ಚಪ್ಪಲಿ ಹಾಕಿ ಇಳಿಯುವ ಹಾಗಿಲ್ಲ. ಅತ್ತೆಯ ಮಗ್ಗ ಅದು, ಅತ್ತೆಯ ಅತ್ತೆಯ ಮಗ್ಗ. ಅರ್ಧ ನೇಯ್ದ ಕೆಂಪಂಚಿನ ಸೀರೆ ಹಾಗೇ ಇತ್ತು. ನಾನು ಮುಗಿಸಿಕೊಡುತ್ತೇನೆ ಅಂದರೆ ಬೇಡ ಅಂದಳು. ಮಗ್ಗದ ಹಾಸು ನೂಲು ಕತ್ತರಿಸಿ ತೆಗೆಯೋಣ ಅಂದರೆ ಕಣ್ಣು ಕೆಂಪಗೆ ಮಾಡಿದಳು. ಎರಡು ತಿಂಗಳು ದಿನಾ ಬೆಳಗ್ಗೆ ಮುಖ ತೊಳೆದು ಬಂದು, ಕುಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಕ್ಕದ ಮಣೆಯ ಮೇಲೆ ಕುಳಿತು ನನಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಮಾತು ಕಡಿಮೆಯಾಯಿತು. ಊಟವೂ ಕಡಿಮೆಯಾಯಿತು. ನನ್ನ ಮಗ್ಗದ ಸದ್ದು ನನಗೇ ಬೇಸರವಾಗತೊಡಗಿತು. ಗುಳಿಗೆಯನ್ನೂ ಒಮ್ಮೊಮ್ಮೆ ಮರೆಯುತ್ತಿದ್ದಳು, ಸಕ್ಕರೆ ಮತ್ತೆ ಏರಿತು. ಹೀಗೇ ಬಿಟ್ಟರೆ ಇವಳು ಭಾವನ ದಾರಿ ಹಿಡಿಯುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತು.

ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತೇವೆ. ಆ ಸಲದ ಅಮಾವಾಸ್ಯೆಗೆ ನಾನು ನನ್ನ ಗಂಡನಿಂದ ಅಂಥದೇ ಇನ್ನೊಂದು ಜೊತೆ ಚಪ್ಪಲಿ ತರಿಸಿದೆ. ಹೊಸವು, ಮಣ್ಣು ಮುಟ್ಟದವು. ಲಾಳಿ, ಕಂಡಿಕೆ ಎಲ್ಲವನ್ನೂ ತೊಳೆದು ಮಗ್ಗದ ಮುಂದೆ ಇಟ್ಟು, ಅವುಗಳ ಸಾಲಿನಲ್ಲಿ ಆ ಚಪ್ಪಲಿಯನ್ನೂ ಇಟ್ಟೆ. ಅರಿಸಿನ ಹಚ್ಚಿದೆ, ಕುಂಕುಮ ಇಟ್ಟೆ, ಮೇಲೊಂದು ಸೇವಂತಿಗೆ ಹೂವು ಇಟ್ಟೆ. ನನ್ನ ಗಂಡ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ.

ಬನಶಂಕರಿ ಬಂದು ನೋಡಿದಳು. “ದುರಗವ್ವ, ಇದೇನ ಮಾಡೀ?” ಸಿಟ್ಟು ಬಂದರೆ ಮಾತ್ರ ಪೂರ್ತಿ ಹೆಸರು.

“ಲಾಳಿ ಮಗ್ಗದ ಸಾಮಾನು ಹೌದಲ್ಲ? ಇವೂ ಇವತ್ತಿಂದ ಮಗ್ಗದ ಸಾಮಾನು. ಕುಣಿ ಬಿಟ್ಟು ಹೊರಗ ಬರಾಂಗಿಲ್ಲ, ನೆಲ ಮುಟ್ಟಾಂಗಿಲ್ಲ. ಅಂಚಿಗೆ ಕುಂತು ಹೊರಗಿನ ಚಪ್ಪಲಿ ಬಿಡು, ಇವನ್ನ ಹಾಕ್ಕೊಂಡು ಇಳಿ.”

“ಅತ್ತಿ ಏನಂದಾಳು?”

“ಅತ್ತಿಗೆ ನಾ ಉತ್ತರ ಕೊಡ್ತೀನಿ. ಮ್ಯಾಲೆ ಹೋದಮ್ಯಾಗ ಮೊದಲ ಜಗಳ ಅದ ಆಗ್ಲಿ. ದೇವರಿಗೆ ನಿನ್ನ ಕಾಲು ಬೇಕಾಗಿತ್ತಂದ್ರ ಎರಡು ಬೆರಳು ಕೊಟ್ಟಾತಲ್ಲ, ಇನ್ನೂ ಎಷ್ಟು ಕೊಡಬೇಕು? ಇಳೀ ಅಕ್ಕ. ನೀ ಇಳೀದಿದ್ರ ನಾನೂ ಇವತ್ತಿಂದ ಇಳಿಯಾಂಗಿಲ್ಲ.”

ಮರುದಿನ ಬೆಳಗ್ಗೆ ನಾನು ಒಲೆಯ ಮುಂದೆ ಇದ್ದಾಗ ಪಡಸಾಲೆಯಿಂದ ಮಗ್ಗದ ಸದ್ದು ಕೇಳಿತು. ಮೊದಲಿನಂತೆ ಹಲಗೆಯ ಖಟಖಟ ಇಲ್ಲ, ಮೆತ್ತಗೆ ಧಪ್ ಧಪ್ ಎಂದು. ನಾನು ಅಲ್ಲೇ ಗೋಡೆಗೆ ಒರಗಿ ನಿಂತುಕೊಂಡೆ. ಹದಿನೈದು ದಿನಕ್ಕೆ ಆ ಕೆಂಪಂಚಿನ ಸೀರೆ ಮಗ್ಗದಿಂದ ಇಳಿಯಿತು.

ಆಮೇಲೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನು ಅವಳ ಪಾದ ನೋಡುತ್ತೇನೆ. ಮೊಣಕಾಲು ನೋವಿಗೆ ಅವಳಿಗೆ ತನ್ನ ಅಂಗಾಲು ತಾನೇ ನೋಡಿಕೊಳ್ಳಲು ಬಗ್ಗಲಾಗುವುದಿಲ್ಲ. ಹಿರಿಯ ನೆಗೆಣ್ಣಿಯ ಕಾಲನ್ನು ನಾನು ಮುಟ್ಟುತ್ತಿದ್ದದ್ದು ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ಅದೂ ಅರ್ಧ ಬಗ್ಗಿ. ಈಗ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿ ಸಂದಿ ಒರೆಸಿ ನೋಡುತ್ತೇನೆ. ಆ ಹೊತ್ತಿನಲ್ಲೂ ನಾವು ಜಗಳಾಡುತ್ತೇವೆ, ಅದು ಬೇರೆ ಮಾತು.

ಮೊನ್ನೆ ಬನದ ಹುಣ್ಣಿಮೆಗೆ ರೋಹಿಣಿ ಬಂದಿದ್ದಳು. “ಅವ್ವ, ನೀನೂ ಒಂದು ವಿಡಿಯೋ ಮಾಡು,” ಎಂದು ಗಂಟುಬಿದ್ದಳು. ಬನಶಂಕರಿ ಒಪ್ಪುವುದಿಲ್ಲ ಎಂದುಕೊಂಡಿದ್ದೆ, ಒಪ್ಪಿದಳು. ಮಗ್ಗದ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು, ಮೊಬೈಲಿಗೆ ಹೇಳಿದಳು:

“ನಾ ಡಾಕ್ಟರ ಅಲ್ಲ. ಸೀರಿ ನೇಯೋ ಹೆಣಮಗಳು. ಮೊಬೈಲ್ ನೋಡೇ ನಾ ನಡಿಯಾಕ ಕಲಿತೆ, ಸಕ್ಕರಿ ಇಳಿಸಿದೆ, ಮೊಬೈಲ್ ನೋಡೇ ಎರಡು ಬೆರಳು ಕಳಕೊಂಡೆ. ವಿಡಿಯೋದಾಗಿನವರಿಗೆ ನಿಮ್ಮ ಕಾಲು ಕಾಣಸಾಂಗಿಲ್ಲ. ನೀವ ನೋಡ್ಕೋಬೇಕು. ಸಕ್ಕರಿ ಇದ್ದವರು ದಿನಾ ಅಂಗಾಲು ನೋಡ್ಕೋರಿ, ಆಗದಿದ್ರ ಮನ್ಯಾಗಿನವರಿಗೆ ತೋರಸ್ರಿ. ಜೋಮು ಅಂತ ಸುಮ್ನ ಕುಂಡ್ರಬ್ಯಾಡ್ರಿ.” ಆಮೇಲೆ ಕುಣಿಯಿಂದ ಬಲಗಾಲನ್ನು ಮೇಲೆತ್ತಿ, ಚಪ್ಪಲಿ ತೆಗೆದು, ಬೆರಳಿಲ್ಲದ ಆ ಜಾಗ ತೋರಿಸಿದಳು. ಕುಣಿಯೊಳಗಿನ ನಮ್ಮ ಕಾಲನ್ನು ಊರಿಗೆ ತೋರಿಸಿದವಳು ಅವಳೇ ಮೊದಲು.

ನೋಡಿದವರು ಇನ್ನೂರು ಮುನ್ನೂರು ಜನ ಇರಬಹುದು, ಅಷ್ಟೇ. ನಾಲ್ಕನೆಯ ದಿನ ಡಂಬಳದಿಂದ ಒಬ್ಬಾತ ಬರೆದಿದ್ದ. ನಮ್ಮವ್ವ ದಿನಾ ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಾಳೆ, ನಿಮ್ಮ ಮಾತು ಕೇಳಿ ಅವಳ ಕಾಲು ಎತ್ತಿ ನೋಡಿದೆ, ಹಿಮ್ಮಡಿಯಲ್ಲಿ ಗಾಯವಿತ್ತು, ಆಕೆಗೇ ಗೊತ್ತಿರಲಿಲ್ಲ, ಇವತ್ತು ಮುಂಡರಗಿಯ ದವಾಖಾನೆಗೆ ತಂದಿದ್ದೇನೆ ಅಂತ. ನಾನು ಓದಿ ಹೇಳಿದೆ. ಬನಶಂಕರಿ ಮತ್ತೊಮ್ಮೆ ಓದಿಸಿದಳು.

ಆ ಸಂಜೆ ಅವಳ ಪಾದ ನೋಡಿ ಮುಗಿಸಿ ನಾನು ಏಳುತ್ತಿದ್ದೆ. ಅವಳು ನನ್ನ ಸೆರಗು ಹಿಡಿದಳು.

“ಡಂಬಳದಾಕಿಗೆ ಮುಟ್ಟಿತು ನನ್ನ ಮಾತು. ಬಾಜೂ ಕುಣಿಯಾಕಿಗೆ ಮುಟ್ಟಲಿಲ್ಲ. ಕುಂಡ್ರು. ಕಾಲು ಚಾಚು.”

“ನಂಗೇನಾಗೇತಿ? ನಂಗ ಸಕ್ಕರಿ ಇಲ್ಲ.”

“ಯಾವಾಗ ನೋಡಿಸ್ಕೊಂಡಿ?”

ಕುಳಿತೆ. ಅವಳು ನನ್ನ ಬಲಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. “ಕಣ್ಣು ಮುಚ್ಚು. ಬೆರಳಿಂದ ಹಗೂರಕ ಮುಟ್ಟತೀನಿ. ಮುಟ್ಟಿದ ಕೂಡಲೆ ಹೇಳು.”

ಕಣ್ಣು ಮುಚ್ಚಿದೆ. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ರಾಮವ್ವನ ಮನೆಯ ಕುಕ್ಕರು ಕೂಗಿತು. ನನ್ನ ಒಲೆಯ ಮೇಲಿನ ಅನ್ನ ನೆನಪಾಯಿತು. ಇವಳು ಬೇಕೆಂದೇ ಆಟ ಆಡಿಸುತ್ತಿದ್ದಾಳೆ ಅನ್ನಿಸಿತು.

“ಜಲ್ದಿ ಮುಟ್ಟ ಅಕ್ಕ, ಅನ್ನ ಹತ್ತತೈತಿ,” ಅಂದೆ.

ನಾನು ಕಣ್ಣು ತೆರೆದೆ. ಅವಳ ತೋರುಬೆರಳು ನನ್ನ ಹೆಬ್ಬೆರಳಿನ ಮೇಲಿತ್ತು. ಗಂಡ ಸತ್ತಾಗ ನನ್ನ ಮುಂದೆ ಅಳದವಳ ಕಣ್ಣಲ್ಲಿ ನೀರು ತುಂಬಿತ್ತು.

“ಇದು ನಾಕನೇ ಸಲ, ದುರಗೀ,” ಅಂದಳು.

ನನಗೆ ಹೆದರಿಕೆಯಾಯಿತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, “ನಾಳಿ ಮುಂಜಾನೆ ಇಬ್ಬರೂ ಕೂಡೇ ಹೋಗೋಣು. ಏನೂ ತಿನಬ್ಯಾಡ, ರಗತ ತಗೋತಾರ,” ಅಂದಳು. ನಾನು ಅನ್ನ ಇಳಿಸಲೆಂದು ಎದ್ದೆ. “ಬರಿಗಾಲಾಗ ಹೋಗಬ್ಯಾಡ,” ಎಂದು ತನ್ನ ಚಪ್ಪಲಿಯನ್ನು ನನ್ನ ಕಡೆ ನೂಕಿದಳು. ಹಿರಿಯಳ ಚಪ್ಪಲಿ ಮೆಟ್ಟುವುದು ಹೇಗೆ ಎಂದು ನಿಂತೆ. “ನಾ ಕುಂತೀನಲ್ಲ. ನೀ ಹಾಕ್ಕೊಂಡು ಹೋಗಿ ಬಾ,” ಅಂದಳು.

ಹಾಕಿಕೊಂಡು ಅಡುಗೆಮನೆಗೆ ನಡೆದೆ. ಬಹಳ ಮೆತ್ತಗಿವೆ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು. ಹೌದೋ ಅಲ್ಲವೋ ನನ್ನ ಕಾಲಿಗೆ ತಿಳಿಯಲಿಲ್ಲ.